ದೇವರಿಗೆ ಬಿಟ್ಟ ಸಾಸಿವೆ ಗಿಡ

ಕೃಷ್ಣವೇಣಮ್ಮ ಏನು ಕೆಲಸ ಮಾಡುತ್ತಾರೆ ಎಂದು ಮತ್ತಿಕೆರೆಯ ಅವರ ಬೀದಿಯಲ್ಲಿ ಕೇಳಿ ನೋಡಿ. ಯಲಹಂಕದ ಕಡೆ ಯಾವುದೋ ತೋಟದಲ್ಲಿ ಗಿಡಗಳಿಗೆ ಔಷಧಿ ಹೊಡೆಯುತ್ತಾರೆ ಎನ್ನುವವರೇ ಎಲ್ಲ. ನಿಜ ಸಂಗತಿ ಪೂರ್ತಿ ಉಲ್ಟಾ. ಆಕೆ ಗಿಡಗಳಿಗೆ ರೋಗ ಹಚ್ಚುತ್ತಾರೆ. ಸಂಬಳ ಕೊಡುವುದೇ ಅದಕ್ಕೆ. ಇದನ್ನು ನೆರೆಯವರಿಗೆ ವಿವರಿಸುವ ಗೋಜಿಗೆ ಆಕೆ ಹೋಗಿಲ್ಲ. ಹೇಳಿದ್ದರೆ, ತಮ್ಮ ಕರಿಬೇವಿನ ಗಿಡ ನೋಡಿ ಎಂದು ಒಳಗೆ ಕರೆಯುವವರು ಅಂದೇ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆಕೆ ಕೆಲಸ ಮಾಡುವುದು ಸಾಸಿವೆ ತಳಿಗಳ ಸಂಶೋಧನೆ ನಡೆಯುವ ಒಂದು ತೋಟದಲ್ಲಿ. ಸಾಸಿವೆಗೆ ಬೂದಿರೋಗ ಎಂಬ ಪೀಡೆಯಿದೆ. ಅದೊಂದು ಶಿಲೀಂಧ್ರ. ಎಲೆಯ ಮೇಲೆ ವಿಭೂತಿ ಬಳಿದಂತೆ ಹರಡಿ ಗಿಡದ ಸತ್ವವನ್ನೆಲ್ಲ ಹೀರುತ್ತದೆ. ಬದುಕಿರುವ ಎಲೆಯ ಮೇಲೆ ಮಾತ್ರ ಬದುಕುವ ಈ ಮಹಾರಾಯನನ್ನು ಸೀಸೆಯಲ್ಲಿ ತುಂಬಿಡಲಾಗುವುದಿಲ್ಲ. ಹಾಗಾಗಿ ರೋಗದ ಗಿಡದಿಂದ ಹೊಸ ಗಿಡಕ್ಕೆ ದಾಟಿಸುತ್ತ ಅದನ್ನು ಸಾಕುವವರೂ ಕೃಷ್ಣವೇಣಮ್ಮನೇ. ಹೊಸ ತಳಿಯ ಸಸಿಗಳು ಬಂದಾಗ ಬೂದಿ ಹಿಡಿದ ಎಲೆಯನ್ನು ಅವುಗಳ ಮೇಲೆ ಕೊಡವುತ್ತಾರೆ. ಸೋತ ಗಿಡ ಗುಂಡಿಗೆ, ತಡೆದುಕೊಂಡ ಗಿಡ ಬೀಜಕ್ಕೆ.

ವಿಜ್ಞಾನಿ ಕಶ್ಯಪ್ ಆಕೆಗಿಂತ ತುಂಬ ಚಿಕ್ಕವರು. ನಮ್ಮ ಸಾಸಿವೆಗೂ, ಈ ರೋಗ ತಗಲದ ಅದರ ಪರದೇಶದ ದಾಯಾದಿಗೂ ಸಂಕರ ಮಾಡಿ, ರೋಗ ತಡೆಯುವ ವಂಶವಾಹಿಯನ್ನು ಇತ್ತ ತರಬೇಕೆಂದು ಹಟ ಹಿಡಿದಿದ್ದರು. ಸುಲಭದ ನೆಂಟಸ್ತಿಕೆಯಲ್ಲ. ಭ್ರೂಣ ಕಾಯಿಯೊಳಗೇ ಸಾಯುತ್ತಿತ್ತು. ಅದನ್ನು ಬಿಡಿಸಿ ಗಾಜಿನ ನಳಿಕೆಯಲ್ಲಿ ಬೆಳೆಸಿ, ಮತ್ತೆ ಸಂಕರ ಮಾಡಿ, ವರ್ಷಗಳ ಮೇಲೆ ಒಂದು ಟ್ರೇ ತುಂಬ ಸಸಿಗಳಾದವು. ಯೋಜನೆಗೆ ಅದೇ ಕೊನೆಯ ಹಂಗಾಮು.

"ಇದ್ರಲ್ಲೂ ಸಿಗ್ಲಿಲ್ಲ ಅಂದ್ರೆ ಅಂಗಡಿ ಮುಚ್ಕೋಬೇಕು ವೇಣಮ್ಮ," ಎಂದಿದ್ದರು ಕಶ್ಯಪ್.

ಕೃಷ್ಣವೇಣಮ್ಮನ ತವರು ಮಾಕಳಿ. ರಾಗಿ ಹೊಲದ ನಡುವೆ ಬಿತ್ತಿದ ಸಾಸಿವೆಯನ್ನು ಕೀಳುವಾಗ ತಾಯಿ ಮರಿಯಮ್ಮ ಒಂದು ಗಿಡವನ್ನು ಮುಟ್ಟುತ್ತಿರಲಿಲ್ಲ. ಅದು ದೇವರಿಗೆ ಬಿಟ್ಟದ್ದು. ದೇವರ ಪಾಲನ್ನು ಗುಬ್ಬಿಗಳೇ ತಿನ್ನುತ್ತಿದ್ದವು, ಆ ಮಾತು ಬೇರೆ. ಈಗ ಆ ಹೊಲದಲ್ಲಿ ಸೈಟುಗಳಾಗಿವೆ, ಪದ್ಧತಿ ಮಾತ್ರ ಮಗಳ ಕೈಯಲ್ಲಿ ಉಳಿದಿದೆ. ನಳಿಕೆಯಿಂದ ಮಣ್ಣಿಗಿಳಿಸಿ ಕೂಸಿನಂತೆ ಸಾಕಿದ ಸಸಿಗಳ ಸಂತಾನಕ್ಕೆ ತಾನೇ ರೋಗ ಕೊಡವುವ ದಿನ ಆಕೆಗೆ ಕರುಳು ಚುರುಕ್ ಎಂದಿತು. ಎಲ್ಲಕ್ಕಿಂತ ಸೊಂಪಾಗಿದ್ದ ಒಂದು ಗಿಡಕ್ಕೆ ಪ್ಲಾಸ್ಟಿಕ್ ಕವರ್ ಮುಚ್ಚಿ, ಉಳಿದವಕ್ಕೆ ಬೂದಿ ಕೊಡವಿ, ಆಮೇಲೆ ಕವರ್ ತೆಗೆದರು. ಯಾರೂ ನೋಡಲಿಲ್ಲ.

ವಾರ ಕಳೆಯುವುದರಲ್ಲಿ ಟ್ರೇ ಬೆಳ್ಳಗಾಯಿತು. ಒಂದು ಗಿಡ ಮಾತ್ರ ಹಸಿರಾಗಿ ನಗುತ್ತಿತ್ತು.

"ಸಿಕ್ತು ವೇಣಮ್ಮ, ಸಿಕ್ತು!" ಕಶ್ಯಪ್ ಅಕ್ಷರಶಃ ಕುಣಿದುಬಿಟ್ಟರು. "ಇದೊಂದ್ ಸಾಕು. ಉಳಿದಿದ್ದನ್ನೆಲ್ಲ ಕಿತ್ತು ಗುಂಡಿಗೆ ಹಾಕ್ಬಿಡಿ."

ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಬೀಜ ಮುಂದೆ ಊರೂರಿಗೆ ಹೋಗುತ್ತದೆ. ರೋಗ ಬರುವುದಿಲ್ಲ ಎಂದು ನಂಬಿ ಬಿತ್ತಿದವರ ಹೊಲದಲ್ಲಿ ಅದು ಬೆಳ್ಳಗಾದರೆ? ಕೃಷ್ಣವೇಣಮ್ಮ ಗುಂಡಿಯ ಕಡೆ ಹೋಗಲಿಲ್ಲ.

"ಸಾರ್, ಒಂದ್ ಮಾತು ಏಳ್ಬೇಕು. ಆ ಗಿಡಕ್ಕೆ ನಾನು ರೋಗಾನೇ ಆಕಿಲ್ಲ. ದೇವ್ರಿಗೆ ಅಂತ ಬಿಟ್ಟಿದ್ದೆ."

ಕಶ್ಯಪ್ ಮುಖ ಬಿಳಿಚಿಕೊಂಡಿತು. "ದೇವ್ರಿಗೆ ಬಿಡೋಕೆ ಇದೇನು ನಿಮ್ಮಪ್ಪನ ಹೊಲಾನಾ?" ಎಂದು ಕೂಗಿದರು. ಎಂದೂ ದನಿಯೇರಿಸದ ಮನುಷ್ಯ. ಆಮೇಲೆ ಟ್ರೇ ಕಡೆ ತಿರುಗಿ, "ಯಾವುದನ್ನೂ ಕೀಳ್ಬೇಡಿ. ಅದಕ್ಕೂ ಹಾಕಿ," ಎಂದರು.

ಆಕೆಯೇ ಹಾಕಿದರು. ಬೂದಿರೋಗಕ್ಕೆ ದೇವರ ಗಿಡ, ದೆವ್ವದ ಗಿಡ ಎಂಬ ಭೇದವಿಲ್ಲ. ಕೆಲವೇ ದಿನಗಳಲ್ಲಿ ಆ ಸೊಂಪಾದ ಗಿಡ ಉಳಿದವಕ್ಕಿಂತ ದಟ್ಟವಾಗಿ ಬೆಳ್ಳಗಾಯಿತು. ಕೃಷ್ಣವೇಣಮ್ಮ ನೀರಿನ ತೊಟ್ಟಿಯ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತರು. ಗಿಡಕ್ಕಾಗಿಯೂ ಅತ್ತರು, ಕಶ್ಯಪ್‌ಗಾಗಿಯೂ ಅತ್ತರು.

ಇನ್ನು ಅವಸರಪಡಲು ಏನೂ ಉಳಿದಿರಲಿಲ್ಲ. ಕಶ್ಯಪ್ ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಿಡವನ್ನು ತಿರುವಿ ನೋಡತೊಡಗಿದರು. ಮೂಲೆಯಲ್ಲೊಂದು ಸೊಟ್ಟ ಗಿಡ. ಎಲೆಯ ತುಂಬ ಸಾಸಿವೆ ಕಾಳಿಗಿಂತ ಸಣ್ಣ ಕಂದು ಚುಕ್ಕೆಗಳು, ಸಿಡುಬು ಎದ್ದ ಹಾಗೆ. ಇಬ್ಬರೂ ಅದನ್ನು ಸಾಯುವ ಗಿಡವೆಂದೇ ಬಿಟ್ಟಿದ್ದರು. ಚುಕ್ಕೆಗಳ ಆಚೆ ಎಲ್ಲೂ ಬೂದಿಯಿರಲಿಲ್ಲ. ತುದಿಯಲ್ಲಿ ಹೊಸ ಚಿಗುರು ಬಂದಿತ್ತು.

"ವೇಣಮ್ಮ, ಬನ್ನಿ ಇಲ್ಲಿ." ಕಶ್ಯಪ್ ಎಲೆಯನ್ನು ಬೆಳಕಿಗೆ ಹಿಡಿದರು. "ರೋಗ ಎಲ್ಲೆಲ್ಲಿ ಕಾಲಿಟ್ಟಿದ್ಯೋ ಅಲ್ಲಲ್ಲಿ ಎಲೆ ತನ್ನನ್ನೇ ಸುಟ್ಕೊಂಡಿದೆ ನೋಡಿ. ಜೀವ ಇರೋ ಜಾಗ ಸಿಗದೆ ಅದು ಅಲ್ಲೇ ಸತ್ತಿದೆ. ನಾವ್ ಹುಡುಕ್ತಾ ಇದ್ದಿದ್ದು ಇದನ್ನೇ."

ಕೃಷ್ಣವೇಣಮ್ಮ ಆ ಚುಕ್ಕೆ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. ಅಂದು ಸುಮ್ಮನಿದ್ದಿದ್ದರೆ ಈ ಗಿಡ ಈಗ ಎಲ್ಲಿರುತ್ತಿತ್ತು ಎಂಬುದು ತಲೆಗೆ ಹೊಳೆದದ್ದೇ ನೆಲದ ಮೇಲೆ ಕೂತುಬಿಟ್ಟರು.

"ಇದನ್ನ ನನ್ ಕೈಯಾರೆ ಕಿತ್ತು ಗುಂಡಿಗೆ ಆಕ್ಬಿಡ್ತಿದ್ದೆ ಸಾರ್."