ರೋಸೆನ್‌ಬರ್ಗಿನ ಬೀಗರು

ದಾಕ್ಷಾಯಣಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಮಿಸೌರಿ ಸಿಟಿಯಲ್ಲಿ ಅಂಥವಳ ಪಕ್ಕದ ಮನೆಯಲ್ಲಿರುವುದೆಂದರೆ ಬಿಟ್ಟಿ ಡ್ರೈವರ್ ಆಗುವುದೆಂದೇ ಅರ್ಥ. ಐದು ವರ್ಷದಿಂದ ಆ ಕರ್ಮ ನನ್ನದು. ಮೈಸೂರಿನಲ್ಲಿ ಬೀದಿಯವರ ಮದುವೆಗೆಲ್ಲ ಅಕ್ಷತೆ ಹಿಡಿದು ಮನೆಮನೆ ಕರೆದುಬರುತ್ತಿದ್ದ ಹೆಂಗಸು, ಇಲ್ಲಿ ಬಂದು ಸುಮ್ಮನೆ ಕೂರುತ್ತಾಳೆಯೇ?

೨೦೦೩ರಲ್ಲಿ ಅವಳ ಮಗಳು ನಿಶಿತಾ ತನ್ನ ಆಫೀಸಿನ ಪೀಟರ್ ರೋಸೆನ್‌ಬರ್ಗ್‌ನನ್ನು ಒಪ್ಪಿದಳು. ಅಪ್ಪಟ ಚಿನ್ನ ಹುಡುಗ. ಆದರೆ ತಂದೆತಾಯಿ ಇಲ್ಲ, ಒಡಹುಟ್ಟಿದವರಿಲ್ಲ, ಸಾಕಿದ ಅಜ್ಜಿಯೂ ತೀರಿಕೊಂಡಿದ್ದಳು.

"ಹುಡುಗನ ಕಡೆ ಕುರ್ಚಿಯೆಲ್ಲ ಖಾಲಿ ಇಟ್ಕೊಂಡು ಹ್ಯಾಗೇ ಧಾರೆ ಎರೀಲಿ, ಉಷಾ? ಆ ಮಗು ಎಷ್ಟು ನೊಂದ್ಕೊಳಲ್ಲ!" ಅಕ್ಕ ಊಟ ಬಿಟ್ಟಳು.

ಒಂದು ಶನಿವಾರ ಹೆದ್ದಾರಿಯಲ್ಲಿ ಫಲಕ ಕಂಡಿತು: ರೋಸೆನ್‌ಬರ್ಗ್.

"ನಿಲ್ಸೇ! ನಮ್ಮ ಹುಡುಗನ ಊರು!"

ನಮ್ಮಲ್ಲಿ ಹೆಸರಿನ ಜೊತೆ ಊರು ಅಂಟಿಕೊಂಡಿರುತ್ತದಲ್ಲ, ಅವನದೂ ಹಾಗೇ ಎಂದು ಅವಳ ಲೆಕ್ಕ. ನನಗೆ ರೇಗಿಹೋಯಿತು. "ಅಕ್ಕಾ, ಜರ್ಮನಿಯಲ್ಲಿ ಆ ಹೆಸರಿನ ಹಳ್ಳಿಗಳು ಎಷ್ಟೋ, ಕೋಟೆಗಳು ಎಷ್ಟೋ, ಮನೆತನಗಳು ಎಷ್ಟೋ! ತನ್ನದು ಯಾವುದೂಂತ ಪೀಟರ್‌ಗೇ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಇದನ್ನೇ ಇಟ್ಕೊಳ್ಲಿ. ನಮಗೂ ಹತ್ರ ಆಗತ್ತೆ."

ಮುಂದಿನ ಶನಿವಾರ ರೇಷ್ಮೆ ಸೀರೆ, ಬೆಳ್ಳಿ ಬಟ್ಟಲಲ್ಲಿ ಅಕ್ಷತೆ. ಆ ಊರಲ್ಲಿ ಅವಳು ಮೊದಲು ಹೊಕ್ಕಿದ್ದು ಟೈರ್ ಅಂಗಡಿ! ಮಾಲೀಕ ಗಾರ್ಸಿಯಾನ ಗ್ರೀಸ್ ಅಂಟಿದ ಕೈಗೆ ಅಕ್ಷತೆ ಹಾಕಿ, ತನ್ನ ಇಂಗ್ಲಿಷಿನಲ್ಲಿ "ನಿಮ್ಮೂರ ಹುಡುಗನ ಮದುವೆ, ಬರಲೇಬೇಕು" ಎಂದಳು. ಅವನು ಕಕ್ಕಾಬಿಕ್ಕಿ. ನಾಚಿಕೆಯಿಂದ ಸಾಯುತ್ತ ನಾನೇ ಎಲ್ಲ ವಿವರಿಸಬೇಕಾಯಿತು. ಟೈರಿಗೆ ಕಾದು ಕೂತಿದ್ದ ನೊವಾಕ್ ಎಂಬ ಮುದುಕಿ ಪತ್ರಿಕೆ ಬೀಸಣಿಗೆ ಮಾಡಿಕೊಂಡು ಕೇಳುತ್ತಿದ್ದಳು.

"ಅಂದರೆ ಆ ಹುಡುಗನ ಜೊತೆ ಕೂರುವುದಕ್ಕೆ ಯಾರೂ ಇಲ್ಲವೇ?" ಎಂದಳು.

ನಾನು ಇಲ್ಲವೆಂದೆ. ಅವಳು ಕೈಚೀಲದಿಂದ ಪೆನ್ನು ತೆಗೆದು ಮದುವೆ ನಡೆಯುವ ದೇವಸ್ಥಾನದ ವಿಳಾಸ ಬರೆದುಕೊಂಡಳು.

ಬರುತ್ತಾರೆಂದು ನಾನಂತೂ ನಂಬಲಿಲ್ಲ. ಮದುವೆಯ ಬೆಳಿಗ್ಗೆ ಪೀಟರ್ ಪೇಟ ಕಟ್ಟಿಕೊಂಡು ತನ್ನ ಕಡೆಯ ಐವತ್ತು ಖಾಲಿ ಕುರ್ಚಿಗಳನ್ನು ನೋಡಿ ತಲೆ ತಗ್ಗಿಸಿದ. ಅಷ್ಟರಲ್ಲಿ ನೊವಾಕ್ ಅಜ್ಜಿಯ ಚರ್ಚಿನ ಹಳದಿ ಬಸ್ಸೊಂದು ಬಂದು ನಿಂತಿತು! ಕೌಬಾಯ್ ಟೋಪಿಗಳು, ಹೂವಿನ ಫ್ರಾಕುಗಳು, ಗಾರ್ಸಿಯಾನ ಇಡೀ ಸಂಸಾರ, ಒಟ್ಟು ಮೂವತ್ತೊಂದು ಜನ. ಅಕ್ಕ ಪಾನಕದ ತಟ್ಟೆ ಹಿಡಿದು ಓಡಿದಳು, ನಾದಸ್ವರದವರು ಅವಳ ಹಿಂದೆ ಓಡಿದರು.

ಧಾರೆಗೆ ಮುಂಚೆ ಪುರೋಹಿತರು "ಹುಡುಗನ ಕಡೆಯವರು ಏಳಿ" ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೂವತ್ತೊಂದು ಕುರ್ಚಿ ಒಟ್ಟಿಗೇ ಸದ್ದು ಮಾಡಿದವು. ಪೀಟರ್ ತಿರುಗಿ ನೋಡಿದವನು ಬಿಕ್ಕಿಬಿಕ್ಕಿ ಅತ್ತುಬಿಟ್ಟ. ನನ್ನ ಕಾಡಿಗೆಯೂ ಹೋಯಿತು.

ಊಟವಾದ ಮೇಲೆ ನೊವಾಕ್ ಅಜ್ಜಿ ಲೋಟ ಎತ್ತಿ ಹಿಡಿದು, ಕಾಫಿ ಆರಿದೆ ಎಂದು ಗೊಣಗಿದಳು.

ಅಕ್ಕನ ಮುಖ ಅರಳಿತು. "ಉಷಾ, ಕೇಳಿದ್ಯೇನೇ? ಬೀಗರು ಕೊಂಕು ತೆಗೀತಿದಾರೆ ಕಣೇ!" ಎಂದು ಸೆರಗು ಸಿಕ್ಕಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತ, ಬಿಸಿ ಕಾಫಿ ತರಲು ಓಡಿದಳು.