ಹಗ್ಗವಿಲ್ಲದೆ ಗಾಡಿ ತರಲು ಹೋದದ್ದು

ನರಗುಂದದಿಂದ ರೋಣಕ್ಕೆ ಹೋಗುವ ಬಸ್ಸು ಬೆಳಿಗ್ಗೆ ಏಳೂಕಾಲಿಗೆ ಹೊರಟಿತು. ಜನವರಿಯ ಥಂಡಿ. ಗುಡ್ಡದ ನೆತ್ತಿಯಲ್ಲಿ ಮಂಜು ಇನ್ನೂ ಕೂತೇ ಇತ್ತು. ನನಗೆ ಸೊನ್ನೆ ಟಿಕೆಟ್ಟು, ಪಾಸು ಮನೆಯಲ್ಲೇ ಮರೆತು ಬಂದ ನಮ್ಮನೆಯವರಿಗೆ ಪೂರ್ತಿ ಟಿಕೆಟ್ಟು.

"ಮೂವತ್ತೊಂದ ವರ್ಷ ಈ ರಸ್ತಾದಾಗ ಬಸ್ ಹೊಡದಾಂವ ನಾ. ರೊಕ್ಕಾ ಕೊಟ್ಟ ಕುಂದರಾಂವನೂ ನಾನ. ನೀ ಮಾತ್ರ ಪುಗಸಟ್ಟೆ," ಎಂದು ಗೊಣಗಿದರು.

"ಪಾಸ್ ತಗೋರಿ ಅಂತ ಎರಡ ಸಲ ಹೇಳಿದ್ನಿ," ಎಂದೆ. ಮೇಷ್ಟರಿಕೆ ಬಿಟ್ಟು ವರ್ಷವಾದರೂ ಒಂದು ಮಾತನ್ನು ಎರಡು ಸಲ ಹೇಳುವ ಚಾಳಿ ನನಗೆ ಬಿಟ್ಟಿಲ್ಲ.

ನಾವು ಹೊರಟದ್ದು ಗಜೇಂದ್ರಗಡಕ್ಕೆ, ಒಂದು ಹಳೆಯ ಮೋಟಾರ್ ಹೋಮ್ ಕೊಳ್ಳಲು. ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮಿನಿ ಬಸ್ಸು. ಸೀರೆ ವ್ಯಾಪಾರಿ ವೀರಭದ್ರಪ್ಪ ಎಂಬವರು ಮಾರುತ್ತಾರೆಂದು ಪರಿಚಯದವರು ಹೇಳಿದ್ದರು. ಫೋನಿನಲ್ಲೇ ಬೆಲೆ ಗೊತ್ತಾಗಿ ಸಂಚಕಾರದ ಹಣವನ್ನೂ ಕಳಿಸಿದ್ದೆ. ಇನ್ನು ನೋಡಿ, ಓಡಿಸಿ, ತರುವುದಷ್ಟೇ ಬಾಕಿ.

ಅಷ್ಟೇ ಎಂದೆ, ಆದರೆ ಅಷ್ಟೇ ಆಗಿರಲಿಲ್ಲ. ನಮ್ಮನೆಯವರನ್ನು ಈ ಭಾಗದಲ್ಲಿ ಡ್ರೈವರ್ ಮಲ್ಲಪ್ಪ ಎಂದರೆ ಮಾತ್ರ ಗೊತ್ತಾಗುತ್ತದೆ. ಕೆಲಸದಲ್ಲಿದ್ದಾಗ ಅವರದು ಒಂದೇ ಮಾತು: "ರಿಟೈರ್ ಆಗ್ಲಿ ತಡಿ. ಬೋರ್ಡ್ ಇಲ್ಲದ ಬಸ್ಸಿನ್ಯಾಗ ನಿನ್ನ ಕೂಡಿಸ್ಕೊಂಡ ಹೋಗ್ತೀನಿ. ಎಲ್ಲಿ ಅಂತ ಕೇಳಬ್ಯಾಡ." ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಸಕ್ಕರೆ ಕಾಯಿಲೆ ಅವರ ಬಲಗಣ್ಣನ್ನು ತಿಂದು ಹಾಕಿತು. ಲೈಸೆನ್ಸೂ ಹೋಯಿತು. ಆಮೇಲೆ ಅವರು ಮನೆಯ ಮುಂದಿನ ಕಟ್ಟೆ ಹಿಡಿದು ಕೂತವರು ಓಣಿ ದಾಟಲಿಲ್ಲ. ನಾನು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಸೇರಿದೆ. ಮಕ್ಕಳ ನಡುವೆ ನಿಂತು ಪರೀಕ್ಷೆ ಕೊಟ್ಟು, ಎರಡನೆಯ ಸಲಕ್ಕೆ ಪಾಸಾದೆ. ಅಂದು ಓಣಿಯ ಅಂಗಡಿಯಿಂದ ಸಂತೋಷದಿಂದ ಪೇಢೆ ತಂದವರು ಅವರೇ. ಆದರೆ ನಾನು ಓಡಿಸುವ ಗಾಡಿಯಲ್ಲಿ ಒಂದು ದಿನವೂ ಕೂರಲಿಲ್ಲ. "ನಾ ಬಾಜೂಕ ಕುಂದ್ರಾಂವಲ್ಲ" ಎನ್ನುತ್ತಿದ್ದರು. ಎಂಜಿನ್ ನೋಡಲು ನೀವೇ ಬೇಕೆಂದು ಹೇಳಿ ಹೇಗೋ ಇಂದು ಹೊರಡಿಸಿದ್ದೆ. ಇಂದು ಕೂರದಿದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು ಬರುವುದೆಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಒಬ್ಬಳೇ ತಿರುಗಲು ನನಗೆ ಮನೆಗಾಡಿ ಯಾಕೆ ಬೇಕು?

ಬಸ್ಸಿನಲ್ಲಿ ಅವರು ಡ್ರೈವರ್ ಹಿಂದಿನ ಸೀಟನ್ನೇ ಹಿಡಿದರು. ರಸ್ತೆ ತಿರುಗಿದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎರಡೂ ಕಡೆ ಎರೆಭೂಮಿ, ಬಿಳಿಜೋಳ ಹಾಲುಗಾಳು ಕಟ್ಟಿತ್ತು, ಕುಸುಬೆ ಅಲ್ಲಲ್ಲಿ ಹೂ ಬಿಟ್ಟಿತ್ತು. ಬೆಣ್ಣೆಹಳ್ಳ ದಾಟುವಾಗ ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟು. "ಒಂದ ಸಲ ಈ ಹಳ್ಳ ಬಂದು ಮೂರ ತಾಸ ಬಸ್ ನಿಂದರಿಸಿದ್ನಿ. ಪ್ಯಾಸೆಂಜರ್ ಎಲ್ಲಾ ಇಳದು ಭಜನಿ ಶುರು ಮಾಡಿದ್ರು," ಎಂದರು. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಕಟ್ಟೆಗೆ ಕೂತ ಮೇಲೆ ಅವರು ಅದನ್ನು ಹೇಳುವುದನ್ನೇ ನಿಲ್ಲಿಸಿದ್ದರು. ಅದಕ್ಕೇ ಹೊಸದಾಗಿ ಕೇಳಿದವಳ ಹಾಗೆ ನಕ್ಕೆ.

ರೋಣದಲ್ಲಿ ಇಳಿದು ಬಸ್ಸು ಬದಲಿಸಬೇಕು. ಮುಕ್ಕಾಲು ತಾಸು ಸಮಯವಿತ್ತು. ನಿಲ್ದಾಣದ ಹೊರಗೆ ಗಿರ್ಮಿಟ್ ತಿಂದು ಚಹಾ ಕುಡಿದೆವು. ಮದುವೆಯಾದ ಹೊಸತರಲ್ಲಿ ನಾವು ಇದೇ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನಗೆ ರಾಜೂರ ಶಾಲೆಯಲ್ಲಿ ಕೆಲಸ, ಅವರಿಗೆ ಗಜೇಂದ್ರಗಡದ ಬಸ್ಸು. ನಾಲ್ಕು ವರ್ಷ ನಾನು ಗಂಡನ ಬಸ್ಸಿನಲ್ಲೇ ಶಾಲೆಗೆ ಹೋದೆ. ಮನೆಯಲ್ಲಿ ಅತ್ತೆ, ಮಾವ, ನಾದಿನಿ ತುಂಬಿದ್ದ ಕಾಲ, ಮಾತಾಡಲು ಮೂಲೆಯೂ ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ ಮೂರನೆಯ ಸಾಲಿನಲ್ಲಿ ನಾನು ಕೂರುತ್ತಿದ್ದೆ. ಅವರು ತಲೆಯ ಮೇಲಿನ ಕನ್ನಡಿಯನ್ನು ಒಂದಿಷ್ಟು ತಿರುಗಿಸಿಕೊಳ್ಳುತ್ತಿದ್ದರು. ನಮ್ಮ ಸಂಸಾರದ ಒಳ್ಳೆಯ ಮಾತುಕತೆಗಳೆಲ್ಲ ಆ ಕನ್ನಡಿಯಲ್ಲಿ, ಬರೀ ಹುಬ್ಬುಗಳಲ್ಲೇ ನಡೆದವು. 

ರೋಣದಿಂದ ಗಜೇಂದ್ರಗಡ ಮೂವತ್ತು ಕಿಲೋಮೀಟರಿನ ಆಸುಪಾಸು. ಇಟಗಿಯ ಗುಡಿಗೆ ಹೋಗುವವರು ಕಾಯಿ ಕರ್ಪೂರದ ಚೀಲ ಹಿಡಿದು ಹತ್ತಿ, ಇಳಿದರು. ಕರಿ ಮಣ್ಣು ಹೋಗಿ ಕೆಂಪು ಮಣ್ಣು, ಕಲ್ಲು ಕಾಣತೊಡಗಿದವು. ರಾಜೂರಿನಲ್ಲಿ ನಿಲ್ದಾಣಕ್ಕಿಂತ ತುಸು ಹಿಂದೆ ಒಂದು ಬೇವಿನ ಮರವಿದೆ. ಶಾಲೆಗೆ ಅಲ್ಲಿಂದ ಹತ್ತಿರ. ಮಳೆಯಿರಲಿ ಬಿಸಿಲಿರಲಿ, ಅವರು ಬಸ್ಸನ್ನು ಮೊದಲು ಆ ಮರದ ಕೆಳಗೆ ನಿಲ್ಲಿಸಿ ನನ್ನನ್ನು ಇಳಿಸುತ್ತಿದ್ದರು. ಕಂಡಕ್ಟರು, "ಅಕ್ಕೋರ ಸ್ಟಾಪ್ ಬಂತು" ಎಂದು ಕೂಗುತ್ತಿದ್ದ. ಈಗಿನ ಡ್ರೈವರ್ ಮರವನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಹೋದ. ನಮ್ಮನೆಯವರು ಹಿಂದೆ ತಿರುಗಿ ಮರ ಮರೆಯಾಗುವವರೆಗೆ ನೋಡಿದರು.

ಗಜೇಂದ್ರಗಡ ಮುಟ್ಟಿದಾಗ ಹತ್ತೂವರೆ. ಕೋಟೆಯ ಗುಡ್ಡದ ಕೆಳಗೆ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ವೀರಭದ್ರಪ್ಪನವರ ಓಣಿಯಲ್ಲಿ ಎರಡು ಮೂರು ಮನೆಗಳಿಂದ ಮಗ್ಗದ ಸದ್ದು ಕೇಳುತ್ತಿತ್ತು. ಓಣಿಯ ಕೊನೆಯಲ್ಲಿ ಗಾಡಿ ನಿಂತಿತ್ತು. ಕೆನೆ ಬಣ್ಣ, ಬದಿಗೆ ಹಸಿರು ಪಟ್ಟಿ. ಒಳಗೆ ಸೀಟು ಕಿತ್ತು ಎರಡು ಹಲಗೆ ಮಂಚ, ಮಡಚುವ ಒಲೆಯ ಕಟ್ಟೆ, ನೀರಿನ ಟಾಕಿ, ಮೂಲೆಯಲ್ಲಿ ಪುಟ್ಟ ಬಚ್ಚಲು ಮಾಡಿಸಿದ್ದರು. ಉದ್ದಕ್ಕೂ ಒಂದು ಹಗ್ಗ ಕಟ್ಟಿತ್ತು. ವೀರಭದ್ರಪ್ಪ ಮತ್ತು ಅವರ ಹೆಂಡತಿ ಗಂಗವ್ವ ಹನ್ನೊಂದು ವರ್ಷ ಇದರಲ್ಲೇ ಸಂತೆಯಿಂದ ಸಂತೆಗೆ ತಿರುಗಿ, ಆ ಹಗ್ಗದ ಮೇಲೆ ಸೀರೆ ತೂಗುಹಾಕಿ ಮಾರಿದವರು.

"ಇದು ಗಾಡಿ ಅಲ್ರಿ ಅಕ್ಕೋರ, ನನ್ನ ಸಂಸಾರ," ಎಂದರು ಗಂಗವ್ವ. "ಈಗ ಮೊಣಕಾಲು ಮೆಟ್ಟಲಾ ಏರಾಕ ಕೊಡವಲ್ಲವು. ನಿಂತ ನಿಂತ ತುಕ್ಕ ಹಿಡಿಯೂದ ನೋಡಾಕ ಆಗೂದಿಲ್ರಿ."

ನಮ್ಮನೆಯವರಿಗೆ ಜೀವ ಬಂದ ಹಾಗಿತ್ತು. ಬಾನೆಟ್ ಎತ್ತಿಸಿದರು, ಎಂಜಿನ್ ಚಾಲೂ ಮಾಡಿಸಿ ಕಣ್ಣು ಮುಚ್ಚಿ ಕಿವಿಗೊಟ್ಟರು. ಮಂಡಿಯೂರಿ ಕೆಳಗೆ ಬಗ್ಗಿ ನೋಡಿದರು. "ಎಂಜಿನ್ ಚಲೋ ಐತಿ. ಕ್ಲಚ್ ಪ್ಲೇಟ್ ಒಂದ ನೋಡ್ಬೇಕು," ಎಂದು ತೀರ್ಪು ಕೊಟ್ಟರು.

ವೀರಭದ್ರಪ್ಪ ಕೀಲಿಕೈ ಚಾಚಿದರು. "ಡ್ರೈವರ್ ಸಾಹೇಬ್ರ, ಓಡಿಸಿ ನೋಡ್ರಿ."

ನಮ್ಮನೆಯವರ ಕೈ ಅರ್ಧ ಮುಂದೆ ಬಂತು. ಅಲ್ಲೇ ನಿಂತಿತು. "ಆಕೀ ಕೈಯಾಗ ಕೊಡ್ರಿ," ಎಂದು ಮುಖ ಆಚೆ ತಿರುಗಿಸಿದರು.

ವೀರಭದ್ರಪ್ಪನವರಿಗೆ ಗಾಬರಿಯಾಯಿತು. "ಅಕ್ಕೋರು ಓಡಸ್ತಾರ? ಇಷ್ಟ ದೊಡ್ಡದನ್ನ?" ಎಂದು ಕೇಳಿ, ನನ್ನ ಲೈಸೆನ್ಸನ್ನು ಹಿಂದೆ ಮುಂದೆ ತಿರುವಿ ನೋಡಿ, ದೇವರ ಹೆಸರು ಹೇಳಿ ಪಕ್ಕದಲ್ಲಿ ಕೂತರು. "ನೀವೂ ಬರ್ರಿ," ಎಂದು ನಮ್ಮನೆಯವರನ್ನು ಕರೆದೆ. "ಹೋಗಿ ಬಾ ನೀ. ಇಲ್ಲೆ ಇರ್ತೀನಿ," ಎಂದರು. ಗುಡ್ಡದ ಬದಿಯ ಏರುರಸ್ತೆಯಲ್ಲಿ ಎಂಜಿನ್ ಎರಡು ಸಲ ಬಂದ್ ಬಿದ್ದು, ಮೂರನೆಯ ಸಲ ಏರಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಗಾಡಿ ಮಾತು ಕೇಳುತ್ತಿತ್ತು. ಆದರೂ ನನಗೆ ಖುಷಿಯಾಗಲಿಲ್ಲ, ಬಲವಂತದಿಂದ ಕೂತ ವೀರಭದ್ರಪ್ಪನವರ ಜಾಗದಲ್ಲಿ ಬೇರೆಯವರು ಕೂರಬೇಕಿತ್ತು.

ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಕಾಗದಪತ್ರಗಳಿಗೆ ಸಹಿ ಹಾಕಿದ್ದಾಯಿತು. ಆಗ ಗಂಗವ್ವ ಯಾರ ಕೈಯನ್ನೂ ಹಿಡಿಯದೆ, ಒಂದೊಂದೇ ಮೆಟ್ಟಿಲನ್ನು ಕುಂಡೆಯೂರಿ ಏರಿ ಗಾಡಿಯೊಳಗೆ ಹೋದರು. ಸೀರೆಯ ಹಗ್ಗದ ಗಂಟನ್ನು ಬಿಚ್ಚತೊಡಗಿದರು.

"ಇರ್ಲಿ ಬಿಡ್ರಿ, ನಮಗ ಅರಿವಿ ಒಣಹಾಕಾಕ ಬೇಕಾಗ್ತೈತಿ," ಎಂದೆ ನಾನು. ಹಳೆಯ ಹಗ್ಗಕ್ಕೂ ಇಷ್ಟು ಆಸೆಯೇ ಎಂದು ಒಳಗೊಳಗೇ ಅಂದುಕೊಂಡಿದ್ದೂ ನಿಜ.

ಗಂಗವ್ವನ ಮುಖ ಸಪ್ಪಗಾಯಿತು. ಗಂಟು ಹಿಡಿದ ಕೈ ಹಾಗೇ ನಿಂತಿತು. ಅಷ್ಟರಲ್ಲಿ ನಮ್ಮನೆಯವರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕು ಎಷ್ಟು ದಿನಗಳಾಗಿದ್ದವೋ.

"ಯವ್ವಾ, ಇಕೀ ಮಾಸ್ತರ ಮಗಳು. ದನಾ ಕಟ್ಟಿದ ಮನಿಯಾಕಿ ಅಲ್ಲ. ನೀವ ಬಿಚ್ಚಕೋರಿ," ಎಂದು ನನ್ನ ಕಡೆ ತಿರುಗಿದರು. "ಎತ್ತ ಮಾರಿದಾಗ ಎತ್ತಷ್ಟ ಕೊಡತಾರ, ಹಗ್ಗ ಕೊಡೂದಿಲ್ಲ. ಹಗ್ಗಾನೂ ಹ್ವಾದ್ರ ಮನ್ಯಾಗಿನ ಮೇವಿನ ಗ್ವಾದ್ಲಿ ಬರಿದಾಗ್ತೈತಿ ಅಂತ. ಕೊಳ್ಳಾಂವ ತನ್ನ ಹಗ್ಗ ತಾನ ತರಬೇಕು. ಅದನ್ನ ಕಟ್ಟೇ ಹೊಡಕೊಂಡ ಹೋಗಬೇಕು."

"ಹೌದ್ರಿ," ಎಂದರು ಗಂಗವ್ವ ಕಣ್ಣು ಒರೆಸಿಕೊಳ್ಳುತ್ತ. "ಇದಕ್ಕ ಮೇವು ಹಾಕಿಲ್ಲ ಅನ್ನೂದೊಂದ ಬಿಟ್ರ, ಎತ್ತಿಗಿಂತ ಹೆಚ್ಚ ದುಡದೈತಿ."

ನನಗೆ ನಾಚಿಕೆಯಾಯಿತು. ಮೂವತ್ತೈದು ವರ್ಷ ಹಳ್ಳಿ ಮಕ್ಕಳಿಗೆ ಪಾಠ ಹೇಳಿದವಳಿಗೆ ಇದು ಗೊತ್ತಿರಲಿಲ್ಲ. "ಹಂಗಾರ ನಾವು ಹಗ್ಗಾನ ತಂದಿಲ್ಲಲ್ಲ," ಎಂದು ನಮ್ಮನೆಯವರು ಚಪ್ಪಲಿ ಮೆಟ್ಟಿದರು. "ಪ್ಯಾಟ್ಯಾಗ ತರ್ತೀನಿ. ನೀ ಬರಬ್ಯಾಡ." ನಾನು ಏಳುವಷ್ಟರಲ್ಲಿ ಓಣಿ ದಾಟಿದ್ದರು.

ಪೇಟೆ ಹತ್ತು ನಿಮಿಷದ ದಾರಿ. ಅರ್ಧ ತಾಸು ಕಳೆಯಿತು, ಒಂದು ತಾಸು ಕಳೆಯಿತು. ಅವರ ಫೋನು ಚೀಲದಲ್ಲೇ ಇತ್ತು. ಬಲಗಡೆಯಿಂದ ಬರುವ ಗಾಡಿ ಅವರಿಗೆ ಕಾಣುವುದಿಲ್ಲ ಎಂಬುದೇ ತಲೆಯಲ್ಲಿ ತಿರುಗುತ್ತಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ಯೋಚನೆ. ಮೂರು ಗಂಟೆಗೆ ರೋಣದ ಬಸ್ಸಿದೆ. ಹಗ್ಗದ ನೆಪ ಮಾಡಿ, ನನ್ನ ಪಕ್ಕದಲ್ಲಿ ಕೂರುವುದನ್ನು ತಪ್ಪಿಸಿ, ಅದನ್ನು ಹತ್ತಿ ಹೋಗಿಬಿಟ್ಟರೆ? ಗಂಗವ್ವ ಎರಡನೆಯ ಸಲ ಚಹಾ ಮಾಡಿದರು. ಮೂರು ಹೊಡೆಯಿತು. ನಾನು ಗಾಡಿಯ ಮೆಟ್ಟಿಲ ಮೇಲೆ ಕೂತು ಓಣಿಯ ತುದಿಯನ್ನೇ ನೋಡುತ್ತಿದ್ದೆ.

ಮೂರೂಕಾಲಿಗೆ ಬಂದರು. ಅಂಗಿಯೆಲ್ಲ ಬೆವರು, ಹೆಗಲ ಮೇಲೆ ಪುಂಡಿ ನಾರಿನ ಹೊಸ ಹಗ್ಗ.

"ಎಲ್ಲಿ ಹೋಗಿದ್ರಿ?" ಎಂದು ಮೆಟ್ಟಿಲಿಂದ ಎದ್ದೆ.

"ಎಲ್ಲಾ ಅಂಗಡ್ಯಾಗೂ ಪ್ಲಾಸ್ಟಿಕ್ ಹಗ್ಗಾನ. ನಾರಿಂದು ಬೇಕಂದ್ರ ಊರ ಆ ತುದೀಗೆ ಹೋಗ್ಬೇಕಾತು. ಬಸ್‌ಸ್ಟ್ಯಾಂಡಿನ್ಯಾಗ ನಾಕ ಮಂದಿ ಗುರುತ ಹಿಡದು ಬಿಡಲಿಲ್ಲ. ರೋಣದ ಬಸ್ ನನ್ನ ಮುಂದನ ಹೋತು." ಹಗ್ಗವನ್ನು ಹೆಗಲಿಂದ ಇಳಿಸಿದರು. "ಹತ್ತಬೇಕಂತ ಒಂದ ಸಲ ಅನಿಸ್ತು. ಸುಳ್ಳ ಹೇಳೂದಿಲ್ಲ."

ಬಲಗಡೆಯ ಡ್ರೈವರ್ ಬಾಗಿಲಿಗೆ ಹೋದರು. ತೆರೆದು, ಹಳೆಯ ರೂಢಿಯಂತೆ ಎಡಗಾಲನ್ನು ಮೆಟ್ಟಿಲ ಮೇಲಿಟ್ಟರು.  ಸ್ಟಿಯರಿಂಗನ್ನು ಅಂಗೈಯಿಂದ ಒಮ್ಮೆ ಸವರಿದರು. ಕಾಲು ಇಳಿಸಿ, ಬಾಗಿಲು ಮುಚ್ಚಿ, ಗಾಡಿಯ ಮುಂದೆ ಬಂದು ಬಂಪರಿನ ಕೊಕ್ಕೆಗೆ ಹಗ್ಗದ ಒಂದು ತುದಿ ಕಟ್ಟಿದರು. ಇನ್ನೊಂದು ತುದಿಯನ್ನು ನನ್ನ ಕೈಯಲ್ಲಿಟ್ಟರು.

"ಹಿಡಿ. ಹಗ್ಗ ಹಿಡದವ್ರ ಮುಂದ ನಡೀಬೇಕು."

ನಾನು ಅಳುತ್ತಲೇ ಹಗ್ಗ ಹಿಡಿದು ಮೂರು ಹೆಜ್ಜೆ ಹಾಕಿದೆ. ಗಾಡಿ ಅಲುಗಲಿಲ್ಲ, ಓಣಿಯ ಹೆಂಗಸರು ನಕ್ಕರು. ಗಂಗವ್ವ ಕುಂಕುಮ ಹಚ್ಚಿ, ಕಾಯಿ ಒಡೆದು ಗಾಡಿಯ ಮೂತಿಯನ್ನು ತಟ್ಟಿದರು. "ಚಲೋತ್ನಂಗ ದುಡಿ ನನ್ನಪ್ಪಾ," ಎಂದರು. ನಮ್ಮನೆಯವರು ಕೊಕ್ಕೆಯಿಂದ ಹಗ್ಗ ಬಿಚ್ಚಿ, ಒಳಗೆ ಹಳೆಯ ಹಗ್ಗವಿದ್ದ ಜಾಗದಲ್ಲೇ ಕಟ್ಟಿದರು. ಆಮೇಲೆ ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಕೂತರು. ಕೈ ಚಾಚಿ ತಲೆಯ ಮೇಲಿನ ಕನ್ನಡಿಯನ್ನು ನನಗೆ ಸರಿಯಾಗುವಂತೆ ತಿರುಗಿಸಿದರು. ನಾನು ಗಾಡಿ ಹೊರಡಿಸಿದಾಗ ಅದರಲ್ಲಿ ಗಂಗವ್ವ ಕಂಡರು, ಹಳೆಯ ಹಗ್ಗದ ಸುರುಳಿಯನ್ನು ಎದೆಗೆ ಒತ್ತಿಕೊಂಡಿದ್ದರು.

ದಾರಿಯುದ್ದಕ್ಕೂ ಅವರ ಬಲಗಾಲು ನೆಲ ಒತ್ತುವುದು ನಿಲ್ಲಲಿಲ್ಲ. "ಗೇರ್ ಬದಲಸು", "ಹಾರ್ನ್ ಹೊಡಿ", "ಸಾವಕಾಶ" ಎಂದು ತಲೆ ತಿಂದರು. ತಿನ್ನಲಿ ಎಂದು ಗಾಡಿ ಓಡಿಸುತ್ತಿದ್ದೆ. ರಾಜೂರು ದಾಟುವಾಗ ಸಂಜೆಯ ಬಿಸಿಲು ಹೊಲದ ಮೇಲೆ ಹಳದಿಯಾಗಿತ್ತು. ಬೇವಿನ ಮರ ಬಂತು. ನಾನು ಯೋಚನೆಯನ್ನೇ ಮಾಡಲಿಲ್ಲ, ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಅವರು ನನ್ನನ್ನು ನೋಡಿ ಹುಬ್ಬು ಹಾರಿಸಿದರು.

ಮರದ ಕೆಳಗೆ ಗಂಟು ಹಿಡಿದು ಒಬ್ಬ ಮುದುಕಿ ಬಸ್ಸಿಗೆ ಕಾಯುತ್ತಿದ್ದಳು. ನಮ್ಮದನ್ನೇ ಬಸ್ಸೆಂದು ತಿಳಿದು ರಸ್ತೆ ದಾಟಿ ಎಡಗಡೆಯ ಕಿಟಕಿಗೆ ಬಂದಳು. ಗಾಡಿಯ ಹಣೆಯನ್ನು ಬಗ್ಗಿ ನೋಡಿದಳು, ಅಲ್ಲಿ ಯಾವ ಬೋರ್ಡೂ ಇರಲಿಲ್ಲ.

"ಎಲ್ಲಿಗಿ ಹೊಕ್ಕೈತೋ ಯಪ್ಪಾ ಇದು?"

ಮೂವತ್ತೊಂದು ವರ್ಷ ಈ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಿದ್ದರು. ಈಗ ನನ್ನ ಕಡೆ ಬೆರಳು ತೋರಿಸಿದರು.

"ನನಗೇನ್ ಗೊತ್ತಬೇ ಯವ್ವಾ? ಡ್ರೈವರನ್ನ ಕೇಳು."