ಹಗ್ಗದ ಸವಕಳಿ ನೋಡಿ ಬುದ್ಧಿ ಹೇಳುವ ಕೆಲ್ಸೋಮ್ ಚಿಕ್ಕಮ್ಮ

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಲೇಷ್ಯಾದ ತೆರೆಂಗಾನುವಿನ ಕಡಲದಂಡೆಯಲ್ಲಿ, ಹಾಯಿದೋಣಿ ಕ್ಲಬ್ಬಿನ ಶೆಡ್ಡಿನ ಬಾಗಿಲಲ್ಲಿ ಕೆಲ್ಸೋಮ್ ಚಿಕ್ಕಮ್ಮ ಕಾಲು ಚಾಚಿ ಕೂತಿದ್ದಾರೆ. ಕೈಯಲ್ಲಿ ಸೂಜಿ, ಮಡಿಲಲ್ಲಿ ಹಾಯಿಯನ್ನು ಎಳೆದು ಹಿಡಿಯುವ ಒದ್ದೆ ಹಗ್ಗ. ಡಿಸೆಂಬರಿನ ಗಾಳಿ ತೆಂಗಿನ ಗರಿಗಳನ್ನೆಲ್ಲ ಒಂದೇ ಕಡೆಗೆ ಬಾಚಿ ಹಿಡಿದಿದೆ. ಚಿಕ್ಕಮ್ಮನ ವಯಸ್ಸು ಐವತ್ತೊಂಬತ್ತು. ಹರಿದ ಹಾಯಿ ಹೊಲಿಯುತ್ತ, ಹಗ್ಗ ಬದಲಿಸುತ್ತ ಇಲ್ಲೇ ಇಪ್ಪತ್ತಾರು ವರ್ಷ ಕಳೆದಿದೆ. ಕ್ಲಬ್ಬಿನ ಗೋಡೆಯ ತುಂಬ ಗೆದ್ದವರ ಫೋಟೋಗಳಿವೆ, ಒಂದರಲ್ಲೂ ಇವರಿಲ್ಲ.

"ಹಗ್ಗ ನೋಡಿದ್ರೆ ಸಾಕು, ಹಿಡಿದವರ ಬುದ್ಧಿ ಗೊತ್ತಾಗತ್ತೆ. ಇದು ಹುಸ್ನಾದು. ಒಂದೇ ಜಾಗದಲ್ಲಿ ಸವೆದಿದೆ ನೋಡಿ. ಎಂಥ ಗಾಳಿ ಬಂದ್ರೂ ಹುಡುಗಿ ಹಿಡಿದ ಹಗ್ಗ ಬಿಡೋದೇ ಇಲ್ಲ."

ಕ್ಲಬ್ಬಿನಲ್ಲಿ ಹಾಯಿದೋಣಿ ಪಂದ್ಯಕ್ಕೆ ತಯಾರಾಗುವ ಹುಸ್ನಾಳಿಗೆ ಇಪ್ಪತ್ತೊಂದು, ತೂಕ ನಲವತ್ತಾರು ಕಿಲೋ. ಗಾಳಿ ಜೋರಾದಾಗ ಭಾರದವರು ಮೈ ಹೊರಚಾಚಿ ದೋಣಿಯನ್ನು ಅದುಮಿ ಹಿಡಿಯುತ್ತಾರೆ. ಇವಳು ಚಾಚಿದರೂ ಭಾರ ಸಾಲದು. ಎರಡು ಆಯ್ಕೆ ಪಂದ್ಯಗಳಲ್ಲಿ ಮಗುಚಿದ್ದಾಳೆ. ಇವತ್ತು ಕೊನೆಯ ಅವಕಾಶ. ಹನ್ನೊಂದು ಜನರಲ್ಲಿ ಮೊದಲ ಐವರಿಗಷ್ಟೇ ತಂಡದಲ್ಲಿ ಜಾಗ. ಕಳೆದ ಸಲ ತೂಕ ಬರಲೆಂದು ಮೂರು ಪೊಟ್ಟಣ ಮೀನುಸಾರಿನ ಅನ್ನ ಮುಕ್ಕಿ, ನಡುನೀರಿನಲ್ಲಿ ವಾಂತಿ ಮಾಡಿಕೊಂಡಿದ್ದಳು.

"ಇವತ್ತೂ ತಿಂದ್ಯೇನೇ?" ಚಿಕ್ಕಮ್ಮ ಕಿಚಾಯಿಸುತ್ತಾರೆ.

"ಬರೀ ಚಹಾ ಚಿಕ್ಕಮ್ಮ, ಆಣೆಗೂ!"

ಸವೆದ ಜಾಗದಿಂದ ಒಂದು ಮೊಳ ಆಚೆಗೆ ಅವರು ಹಗ್ಗಕ್ಕೆ ಕೆಂಪು ನೂಲು ಸುತ್ತಿ ಹೊಲಿಯುತ್ತಾರೆ. "ನೀರು ಕಪ್ಪಾಗಿ ಸುಕ್ಕುಗಟ್ಟಿ ನಿನ್ನ ಕಡೆ ಬರತ್ತಲ್ಲ, ಅದೇ ಗಾಳಿ. ಅದು ತಾಗ್ತಿದ್ದ ಹಾಗೇ ಮೈ ಹೊರಗೆ ಚಾಚು, ಕೆಂಪು ನೂಲು ಕೈಗೆ ಬರೋ ತನಕ ಹಗ್ಗ ಬಿಡು, ಹಾಯಿಯಲ್ಲಿರೋ ಗಾಳಿ ಸೋರಿಹೋಗ್ಲಿ. ದೋಣಿ ನೆಟ್ಟಗಾದ್ಮೇಲೆ ಮೆಲ್ಲಗೆ ಎಳ್ಕೋ. ವಾಲಿದ್ಮೇಲೆ ಬಿಟ್ರೆ ಹಾಯಿಯ ಅಡ್ಡಗೋಲು ನೀರಿಗೆ ತಾಗಿ ಸಿಕ್ಕಿಹಾಕ್ಕೊಳತ್ತೆ. ಆಮೇಲೆ ಈಜೋದೇ."

"ಬಿಟ್ರೆ ಹಿಂದೆ ಬೀಳಲ್ವಾ?"

"ಮಗುಚಿದ್ರೆ ಮುಂದೆ ಹೋಗ್ತೀಯಾ?"

ಈ ವಿದ್ಯೆ ಚಿಕ್ಕಮ್ಮನ ಅಪ್ಪನದು. ಮೀನಿಗೆ ಹೋಗುವಾಗ ಅವರು ಹಾಯಿಯ ಹಗ್ಗವನ್ನು ಮಕ್ಕಳಲ್ಲೇ ನರಪೇತಲ ಆಗಿದ್ದ ಕೆಲ್ಸೋಮ್ ಕೈಗೆ ಕೊಡುತ್ತಿದ್ದರಂತೆ. "ಗಟ್ಟಿ ಇರೋರು ಗಾಳಿ ಹತ್ರ ಹಠ ಮಾಡ್ತಾರೆ, ನಿಂಗೆ ಅದಾಗಲ್ಲ, ನೀನೇ ಸರಿ ಅಂತಿದ್ರು. ಅವರ ಋಣದಲ್ಲೇ ಇವತ್ತಿಗೂ ಅನ್ನ ತಿಂತಿದೀನಿ," ಎನ್ನುವಾಗ ಅವರ ಕಣ್ಣು ತುಂಬುತ್ತದೆ.

ಒಂಬತ್ತಕ್ಕೆ ಪಂದ್ಯ. ಗಾಳಿಯ ಮೊದಲ ಹೊಡೆತಕ್ಕೇ ಎರಡು ದೋಣಿ ಮಗುಚುತ್ತವೆ. ಮುಂದಿನ ಹೊಡೆತ ಹುಸ್ನಾಳತ್ತ ಬರುತ್ತಿದೆ. ಚಿಕ್ಕಮ್ಮ ಸೂಜಿ ಹಿಡಿದೇ ಎದ್ದು ನಿಲ್ಲುತ್ತಾರೆ. ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನೆಟ್ಟಗೇ ಉಳಿಯುತ್ತದೆ.

"ಬಿಟ್ಳು," ಎಂದು ಅವರು ಉಸಿರು ಬಿಡುತ್ತಾರೆ.

ಹುಸ್ನಾ ನಾಲ್ಕನೆಯವಳಾಗಿ ದಡ ಸೇರುತ್ತಾಳೆ. ಒದ್ದೆ ಮೈಯಲ್ಲೇ ಓಡಿಬಂದು ತಬ್ಬಿಕೊಂಡು ಅಳುತ್ತಾಳೆ. "ನೀವಿಲ್ದಿದ್ರೆ ನಾನು ಇವತ್ತೇ ಮನೆಗೆ ಹೋಗ್ತಿದ್ದೆ ಚಿಕ್ಕಮ್ಮ."

"ಇರೇ, ಮೊದ್ಲು ಹಗ್ಗ ತೋರಿಸು." ಮತ್ತೆ ಮತ್ತೆ ಕೈಗೆ ಉಜ್ಜಿ ಕೆಂಪು ನೂಲು ಅರ್ಧ ಕಿತ್ತುಹೋಗಿದೆ. ಅದನ್ನು ಬೆರಳಲ್ಲಿ ಸವರುವಾಗ ಚಿಕ್ಕಮ್ಮನ ಮುಖವೆಲ್ಲ ಅರಳುತ್ತದೆ.

ಹುಡುಗಿಗೆ ತೂಕ ಹೆಚ್ಚಿಸಿಕೋ ಎಂದಷ್ಟೇ ಹೇಳುತ್ತಿದ್ದ ತರಬೇತುದಾರ ರಸ್ದಿ ಹತ್ತಿರ ಬಂದು ನಿಂತಿದ್ದಾರೆ. "ಚಿಕ್ಕಮ್ಮ, ನಿಮಗೆ ಏನು ಬೇಕು ಕೇಳಿ, ತರಿಸಿಕೊಡ್ತೀನಿ."

ಚಿಕ್ಕಮ್ಮ ಶೆಡ್ಡಿನೊಳಗೆ ತೂಗುಬಿದ್ದ ಉಳಿದ ಹಗ್ಗಗಳತ್ತ ಒಮ್ಮೆ ನೋಡುತ್ತಾರೆ.

"ಒಂದು ಉಂಡೆ ಕೆಂಪು ನೂಲು. ಇದು ಮುಗೀತಾ ಬಂತು."